ಅಕ್ಕಿ ತೊಳೆಯುವ ಹೆಂಗಸು

ಐರಿಷ್ ಸಂಗೀತ ನನಗೆ ಗಂಟುಬಿದ್ದದ್ದು ಇಂದಿರಾನಗರದ ಒಂದು ಪಬ್ಬಿನಲ್ಲಿ, ಸಹೋದ್ಯೋಗಿಯೊಬ್ಬರ ನಿವೃತ್ತಿಯ ಊಟದ ದಿನ. ನಾನು ವಿಮಾ ಕಚೇರಿಯೊಂದರ ಗುಮಾಸ್ತ. ಆಗ ವಯಸ್ಸು ನಲವತ್ತೇಳು, ಮನೆ ಜೋಗುಪಾಳ್ಯದಲ್ಲಿ. ಪಬ್ಬಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಶನಿವಾರದ ಮಧ್ಯಾಹ್ನ ನಮ್ಮ ಮ್ಯಾನೇಜರು ನಿವೃತ್ತರ ಗುಣಗಾನ ಮಾಡುತ್ತಿದ್ದಾಗ, ಮೂಲೆಯ ಮೇಜಿನ ಸುತ್ತ ಕೂತಿದ್ದ ಆರು ಜನ ವಾದ್ಯಗಳನ್ನು ಹೊರತೆಗೆದು ನುಡಿಸತೊಡಗಿದರು. ವೇದಿಕೆಯಿಲ್ಲ, ಮೈಕಿಲ್ಲ. ನಮ್ಮ ಕಡೆ ಬೆನ್ನು ಹಾಕಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮಗಾಗಿ ಮಾತ್ರ ಎಂಬಂತೆ ನುಡಿಸುತ್ತಿದ್ದರು. ಪಿಟೀಲು, ಗಿಟಾರು, ತಮಟೆಯಂಥದ್ದೊಂದು, ಎಲ್ಲಕ್ಕಿಂತ ಮೇಲೆ ಕೇಳುತ್ತಿದ್ದ ಒಂದು ತಗಡಿನ ಪುಟ್ಟ ಕೊಳಲು. ಮ್ಯಾನೇಜರ ಭಾಷಣ ಮುಳುಗಿಹೋಯಿತು. ಆ ಸಂಗೀತದ ಮೇಲೆ ನನಗೆ ಪ್ರೀತಿ ಹುಟ್ಟಲು ಅದೂ ಒಂದು ಕಾರಣ.

ಚಿಕ್ಕಂದಿನಲ್ಲಿ ನಾನು ಎರಡು ವರ್ಷ ಕೊಳಲು ಕಲಿತಿದ್ದೆ. ಸರಳೆ ವರಸೆ, ಜಂಟಿ ವರಸೆ ಮುಗಿಸಿ ಮುಂದಕ್ಕೆ ಹೋಗುವ ಹೊತ್ತಿಗೆ ಮೇಷ್ಟ್ರು, "ನಿನ್ನ ಉಸಿರು ಬ್ಯಾಂಡ್‌ಸೆಟ್‌ಗೆ ಲಾಯಕ್ಕು ಕಣೋ" ಎಂದು ಹೇಳಿ ಕಳಿಸಿದ್ದರು. ಆ ಮಾತು ಮೂವತ್ತೈದು ವರ್ಷ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈ ತಗಡಿನ ಕೊಳಲಿಗೆ ಇದ್ದದ್ದು ಆರೇ ತೂತು, ಮತ್ತು ಅದನ್ನು ಊದುತ್ತಿದ್ದವನ ಉಸಿರು ಖಂಡಿತವಾಗಿ ನನ್ನದಕ್ಕಿಂತ ಬ್ಯಾಂಡ್‌ಸೆಟ್ಟಿನದು. ಮರುವಾರವೇ ಒಂದನ್ನು ಕೊರಿಯರ್‌ನಲ್ಲಿ ತರಿಸಿಕೊಂಡೆ. ನನ್ನ ಹೆಂಡತಿ ಹಲಸೂರಿನ ಶಾಲೆಯೊಂದರಲ್ಲಿ ಗಣಿತದ ಟೀಚರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಜಾತ್ರೆ ಪೀಪಿನ ಕೊರಿಯರ್‌ನಲ್ಲಿ ತರಿಸ್ಕೊಂಡಿದೀರಲ್ಲ ರೀ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಪೀಪಿ.

ಆರು ತಿಂಗಳು ಮನೆಯವರ ಸಹನೆಯನ್ನು ಪರೀಕ್ಷಿಸಿದ ಮೇಲೆ ಆ ಮೂಲೆಯ ಮೇಜಿನಲ್ಲಿ ನನಗೆ ಜಾಗ ಸಿಕ್ಕಿತು. ಇಂಥ ಕೂಟಕ್ಕೆ ಸೆಷನ್ ಎನ್ನುತ್ತಾರೆ. ಅದರ ಯಜಮಾನರು ಅರವತ್ತು ದಾಟಿದವರು, ದೊಮ್ಮಲೂರಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಪಿಟೀಲು ನುಡಿಸುವವರು. ಅದನ್ನು ಪಿಟೀಲು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಫಿಡಲ್ ಎನ್ನಬೇಕು. ಒಮ್ಮೆ ಕಚೇರಿಯ ಕೆಲಸಕ್ಕೆಂದು ಅವರು ಹನ್ನೊಂದು ದಿನ ಐರ್ಲೆಂಡಿಗೆ ಹೋಗಿದ್ದರು. ಅದರಲ್ಲಿ ಒಂಬತ್ತು ದಿನ ಹೋಟೆಲಿನ ಮೀಟಿಂಗ್ ರೂಮಿನಲ್ಲೇ ಕಳೆದಿತ್ತು. ಉಳಿದ ಎರಡು ದಿನಗಳಲ್ಲಿ ಅವರು ಆ ದೇಶವನ್ನು ಪೂರ್ತಿ ಅರ್ಥಮಾಡಿಕೊಂಡು ಬಂದಿದ್ದರು. ಅವರ ಪ್ರತಿ ವಾಕ್ಯವೂ "ಅಲ್ಲಿ" ಎಂದು ಶುರುವಾಗುತ್ತಿತ್ತು. ಅಲ್ಲಿ ಯಾರೂ ಚಪ್ಪಾಳೆ ತಟ್ಟಲ್ಲ. ಅಲ್ಲಿ ಯಾರೂ ಕಾಗದ ನೋಡಿ ನುಡಿಸಲ್ಲ, ಕಿವಿಯಿಂದಲೇ ಕಲೀಬೇಕು. ಅಲ್ಲಿ ಪ್ರತಿಯೊಬ್ಬರ ಮುಂದೆಯೂ ಕಪ್ಪು ಬಿಯರು ಇರಲೇಬೇಕು.

ಈ ಕೊನೆಯ ನಿಯಮದಿಂದ ನಮ್ಮ ತಮಟೆಯವನಿಗೆ ಫಜೀತಿಯಾಯಿತು. ಅವನು ಪುಲಿಕೇಶಿನಗರದವನು, ಮಾಸ್ಕ್ ರೋಡಿನ ಹತ್ತಿರ ಸೂಟ್‌ಕೇಸು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡವನು, ಹೆಂಡ ಮುಟ್ಟದ ಮನೆತನದವನು. ಬಹಳ ಚರ್ಚೆಯಾಗಿ, ಅವನು ದೊಡ್ಡ ಗಾಜಿನ ಲೋಟದಲ್ಲಿ ಕೋಲಾ ಇಟ್ಟುಕೊಳ್ಳಬಹುದು, ಬಣ್ಣ ಹೊಂದುತ್ತದೆ ಎಂದು ಯಜಮಾನರು ಅಪ್ಪಣೆ ಕೊಟ್ಟರು. ನಾನೂ ಅದನ್ನೇ ಹಿಡಿದೆ. ಕೊನೆಕೊನೆಗೆ ಆ ಮೇಜಿನಲ್ಲಿ ನಿಜವಾದ ಬಿಯರು ಇರುತ್ತಿದ್ದದ್ದು ಯಜಮಾನರ ಮುಂದೆ ಮಾತ್ರ. ಅದನ್ನೂ ಅವರು ಮುಖ ಕಿವುಚಿಕೊಂಡೇ ಕುಡಿಯುತ್ತಿದ್ದರು.

ಒಮ್ಮೆ ತಮಟೆಯ ಚರ್ಮ ಹರಿಯಿತು. ಅಲ್ಲಿನ ಮೇಕೆಯ ಚರ್ಮವೇ ಬೇಕೆಂದು ಯಜಮಾನರು ಐರ್ಲೆಂಡಿಗೆ ಆರ್ಡರು ಮಾಡಿದರು. ಪಾರ್ಸೆಲು ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿತು. ಕಾದು ಕಾದು ಸಾಕಾದ ತಮಟೆಯವನು ಶಿವಾಜಿನಗರದಲ್ಲಿ ಡೋಲು ಕಟ್ಟುವವರೊಬ್ಬರ ಕೈಯಲ್ಲಿ ಎರಡೇ ದಿನದಲ್ಲಿ ಹೊಸ ಚರ್ಮ ಬಿಗಿಸಿಕೊಂಡು ಬಂದ. ಪಾರ್ಸೆಲು ಬಂತೆಂದೇ ತಿಳಿದ ಯಜಮಾನರು ಕಣ್ಣು ಮುಚ್ಚಿ ಆಲಿಸಿ, "ಕೇಳಿದ್ರಾ? ಈ ನಾದ ನಮ್ಮ ಮೇಕೇಲಿ ಬರಲ್ಲ. ಅಲ್ಲಿನ ಹುಲ್ಲೇ ಬೇರೆ" ಎಂದರು. ನಾವಿಬ್ಬರೂ ನಮ್ಮ ನಮ್ಮ ಕೋಲಾ ನೋಡುತ್ತ ಕೂತೆವು.

ಹೀಗೆ ಮೂರು ವರ್ಷ ಕಳೆದವು. ನಲವತ್ತು ಮಟ್ಟುಗಳು ನನ್ನ ಬೆರಳಿಗೆ ಬಂದಿದ್ದವು. ಆ ಹೊತ್ತಿಗೆ ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಐರ್ಲೆಂಡಿನ ಪಶ್ಚಿಮ ತೀರದ ಊರೊಂದರ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿಕೊಂಡಿದ್ದಳು. ಬೇಸಿಗೆ ರಜೆಗೆ ಬನ್ನಿ ಎಂದು ಕರೆದಳು. ಹೆಂಡತಿ ಹೊರಟದ್ದು ತಂಗಿಯನ್ನು ನೋಡಲು. ನಾನು ಯಾತ್ರೆಗೆ ಹೊರಟವನ ಹಾಗೆ ಹೊರಟೆ. ಹೋಗುವ ಹಿಂದಿನ ಶನಿವಾರ ಯಜಮಾನರು ನನ್ನ ಭುಜದ ಮೇಲೆ ಕೈಯಿಟ್ಟು, "ಅಲ್ಲಿ ಯಾರಾದ್ರೂ ನಿಮಗೆ ಗ್ರ್ಯಾಂಡ್ ಅಂದ್ರೆ ಅದಕ್ಕಿಂತ ದೊಡ್ಡ ಮಾತಿಲ್ಲ. ನನಗೆ ಒಬ್ರೇ ಒಬ್ರು ಅಂದಿದ್ರು" ಎಂದರು. ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ನಾದಿನಿಯ ಊರಿನ ದೊಡ್ಡ ಬೀದಿಯ ಪಬ್ಬಿಗೆ ಮೊದಲು ಹೋದೆ. ಹೊರಗೆ ಬೋರ್ಡಿನಲ್ಲಿ "ಅಪ್ಪಟ ಸೆಷನ್" ಎಂದು ಬರೆದಿತ್ತು. ಒಳಗೆ ವೇದಿಕೆಯಿತ್ತು, ಮೈಕಿತ್ತು, ಹಸಿರು ಜಾಕೆಟ್ಟು ತೊಟ್ಟ ಇಬ್ಬರು ಗಿಟಾರು ಬಾರಿಸುತ್ತ ಜನರಿಂದ ಚಪ್ಪಾಳೆ ತಟ್ಟಿಸುತ್ತಿದ್ದರು. ನೋಡುವವರೆಲ್ಲ ನನ್ನಂತೆಯೇ ದೂರದಿಂದ ಬಂದವರು. ಪಕ್ಕದ ಮೇಜಿನವರು ಎದ್ದುಬಂದು ಅಚ್ಚ ಕನ್ನಡದಲ್ಲಿ, "ಅಂಕಲ್, ಒಂದು ಫೋಟೋ ತೆಗೀತೀರಾ?" ಎಂದರು. ಕೆ.ಆರ್. ಪುರದವರು. ತೆಗೆದುಕೊಟ್ಟೆ. ಇಲ್ಲಿ ಒಳ್ಳೆ ಬಿರಿಯಾನಿ ಎಲ್ಲಿ ಸಿಗುತ್ತದೆ ಎಂದು ಅವರು ವಿಚಾರಿಸಿದರು. ನನಗೆ ಗೊತ್ತಿಲ್ಲ ಎಂದೆ. ಅಂಗಿಯೊಳಗಿದ್ದ ಪೀಪಿಯನ್ನು ಹೊರಗೆ ತೆಗೆಯದೆ ವಾಪಸು ಬಂದೆ.

ನನ್ನ ಮುಖ ನೋಡಿದ ನಾದಿನಿ ತನ್ನ ವಾರ್ಡಿನಲ್ಲಿ ವಿಚಾರಿಸಿದಳು. ಬಸ್ಸಿನಲ್ಲಿ ಒಂದು ಗಂಟೆ ಹೋದರೆ ಒಂದು ಹಳ್ಳಿ, ಅಲ್ಲಿ ಅಂಗಡಿಯೂ ಪಬ್ಬೂ ಒಂದೇ ಆಗಿರುವ ಒಂದು ಜಾಗ, ಭಾನುವಾರ ಚರ್ಚು ಮುಗಿದ ಮೇಲೆ ನಾಲ್ಕು ಜನ ಸೇರಿ ನುಡಿಸುತ್ತಾರೆ ಎಂದು ಗೊತ್ತಾಯಿತು. ಭಾನುವಾರ ನಾನೂ ಹೆಂಡತಿಯೂ ಹೋದೆವು. ಒಂದು ಕಡೆ ಕಪಾಟಿನಲ್ಲಿ ಸೋಪು, ಮೊಳೆ, ಬಿಸ್ಕತ್ತು, ದನದ ಔಷಧಿ. ಇನ್ನೊಂದು ಕಡೆ ಬಾರು. ಕಿಟಕಿಯ ಕೆಳಗೆ ಐದು ಕುರ್ಚಿ, ನಾಲ್ಕರಲ್ಲಿ ಜನ. ಯಜಮಾನರ ಉಪದೇಶದಂತೆ ಒಂದು ದೊಡ್ಡ ಲೋಟ ಕಪ್ಪು ಬಿಯರು ಕೇಳಿ ಪಡೆದು, ಅದನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಖಾಲಿ ಇದ್ದ ಐದನೇ ಕುರ್ಚಿಯಲ್ಲಿ ಕೂತೆ.

ಕುರ್ಚಿಯ ನಾಲ್ವರೂ ನನ್ನನ್ನೇ ನೋಡಿದರು. ಬಿಸ್ಕತ್ತು ಕೊಳ್ಳುತ್ತಿದ್ದ ಹೆಂಗಸು ಕೂಡ ತಿರುಗಿ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಕೂತ ಕುರ್ಚಿಯ ಕಾಲ ಬಳಿ ಅವರ ಕನ್ಸರ್ಟಿನಾ ಇತ್ತು; ಅಂಗೈಯಗಲದ ತಿದಿಯಿರುವ, ಎರಡೂ ಬದಿಗೆ ಗುಂಡಿಗಳಿರುವ ಪೆಟ್ಟಿಗೆ. ನಲವತ್ತು ವರ್ಷಗಳಿಂದ ಆ ಕುರ್ಚಿಯಲ್ಲಿ ಅವರನ್ನು ಬಿಟ್ಟು ಯಾರೂ ಕೂತಿಲ್ಲವೆಂದು ಆಮೇಲೆ ತಿಳಿಯಿತು. ನಾನು ದಡಬಡಿಸಿ ಎದ್ದೆ, ಬಿಯರು ಪ್ಯಾಂಟಿನ ಮೇಲೆ ತುಳುಕಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಬೆಳಗ್ಗೆಯಿಂದ ಚರ್ಚಲ್ಲಿ ಕೂತು ಸಾಕಾಗಿದೆ" ಎಂದು ಅವರು ಬಾರಿಗೆ ಒರಗಿ ನಿಂತರು. ನಾನು ಕೂರಲಾರೆ, ಅವರು ಕೂರಲೊಲ್ಲರು. ಕೊನೆಗೆ ಅಂಗಡಿಯವನು ಆಲೂಗಡ್ಡೆಯ ಕ್ರೇಟೊಂದನ್ನು ಬೋರಲು ಹಾಕಿ ನನಗೆ ಕೊಟ್ಟ. ನನ್ನ ಯಾತ್ರೆ ಮುಗಿಯುವವರೆಗೂ ನನ್ನ ಸ್ಥಾನ ಅದೇ ಆಗಿತ್ತು.

ಅವರು ನುಡಿಸತೊಡಗಿದರು. ಟ್ರಾಕ್ಟರ್ ಮೆಕ್ಯಾನಿಕ್ಕೊಬ್ಬನ ಫಿಡಲು, ಅಂಚೆ ಹಂಚುವ ಹೆಂಗಸಿನ ಕೊಳಲು, ಅಜ್ಜಿಯ ಕನ್ಸರ್ಟಿನಾ. ಉಳಿದಿಬ್ಬರು ತೊಡೆ ತಟ್ಟುತ್ತಿದ್ದರು, ಅಷ್ಟೆ. ನಾವು ಇಂದಿರಾನಗರದಲ್ಲಿ ನುಡಿಸುತ್ತಿದ್ದ ವೇಗದ ಅರ್ಧವೂ ಇರಲಿಲ್ಲ. ಆದರೂ ನನ್ನ ಕಾಲು ನನ್ನ ಮಾತು ಕೇಳದೆ ಕುಣಿಯತೊಡಗಿತು. ಒಂದು ಮಟ್ಟು ಮುಗಿದರೆ ಹತ್ತು ನಿಮಿಷ ಮಾತು. ಯಾರ ಹಸುವಿನ ಕಾಲು ಊದಿದೆ, ಯಾರ ಮನೆಯ ಮುಂದೆ ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ, ಯಾರು ತೀರಿಕೊಂಡರು. ನಮ್ಮಲ್ಲಿ ಮಟ್ಟಿನ ಮೂಲ, ಜಿಲ್ಲೆ, ಶೈಲಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಇಲ್ಲಿ ಸಂಗೀತದ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಕಾಗದ ನೋಡಬಾರದೆಂಬ ನಿಯಮವೂ ಸುಳ್ಳಾಯಿತು. ಅಂಚೆಯಾಕೆ ಲಕೋಟೆಯ ಹಿಂದೆ ಸ್ವರ ಬರೆದುಕೊಂಡು ಬಂದಿದ್ದಳು. ಎಲ್ಲರ ಮುಂದೆಯೂ ಇದ್ದದ್ದು ಚಹಾ. ಕಾರು ಓಡಿಸಿಕೊಂಡು ಹೋಗಬೇಕಲ್ಲ. ಆ ಅಂಗಡಿಯಲ್ಲಿ ಕಪ್ಪು ಬಿಯರು ಹಿಡಿದು ಕೂತವನು ನಾನೊಬ್ಬನೇ. ನನ್ನ ಹೆಂಡತಿ ದೂರದಿಂದ ನನ್ನನ್ನೇ ನೋಡುತ್ತಿದ್ದಳು.

"ನೀವೊಂದು ಶುರು ಮಾಡಿ" ಎಂದರು ಅಜ್ಜಿ. ನನ್ನ ನಲವತ್ತರಲ್ಲಿ ಅತಿ ಕಷ್ಟದ್ದನ್ನು ಆರಿಸಿ, ರೈಲು ತಪ್ಪಿಹೋಗುವವನ ಹಾಗೆ ಊದಿದೆ. ಯಾರೂ ಜೊತೆಗೆ ನುಡಿಸಲಿಲ್ಲ. ಮುಗಿಸಿದಾಗ ಅಜ್ಜಿ, "ಗ್ರ್ಯಾಂಡ್" ಎಂದರು.

ಯಜಮಾನರ ಒದ್ದೆ ಕಣ್ಣು ನನ್ನ ಮುಂದೆ ಬಂತು. ಆ ಸಂಜೆ ನಾದಿನಿಗೆ ಹೇಳಿದಾಗ ಅವಳು, "ಅಯ್ಯೋ ಭಾವ, ಇಲ್ಲಿ ಎಲ್ಲಕ್ಕೂ ಗ್ರ್ಯಾಂಡ್ ಅಂತಾರೆ. ಸೊಂಟ ಮುರ್ಕೊಂಡು ಬಂದು ಮಲಗಿರೋರ್ನ ಹೇಗಿದೀರಿ ಅಂತ ಕೇಳಿದ್ರೂ ಗ್ರ್ಯಾಂಡ್ ಅಂತಾರೆ" ಎಂದಳು. ಆದರೆ ಅದು ಆಮೇಲಿನ ಮಾತು.

"ಇದೆಲ್ಲ ನಮ್ಮದೇ ಆಯ್ತಲ್ಲ, ನಿಮ್ಮ ಕಡೆಯದ್ದು ಒಂದು ಕೇಳಿಸಿ" ಎಂದರು ಅಜ್ಜಿ.

ನನ್ನ ತಲೆ ಬಟಾಬಯಲಾಯಿತು. ಅವರ ಮಟ್ಟು ನಲವತ್ತು ಬರುತ್ತಿತ್ತು, ನಮ್ಮದು ಒಂದೂ ಇರಲಿಲ್ಲ. ಐದು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಬೆರಳು ತಾವಾಗಿ ಹುಡುಕಿ ತೆಗೆದದ್ದು ಜಂಟಿ ವರಸೆಯನ್ನು. ಸಸ ರಿರಿ ಗಗ ಮಮ, ಪಪ ದದ ನಿನಿ ಸಸ. ಹತ್ತು ವರ್ಷದ ಮಕ್ಕಳು ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಸಾಧನೆ ಮಾಡುವ ಪಾಠ. ಅದಕ್ಕೆ ಬೇಕಾದ ಅರ್ಧ ತೂತು ಮುಚ್ಚುವ ಧೈರ್ಯ ಆ ಹೊತ್ತಿನಲ್ಲಿ ಬರಲಿಲ್ಲ. ಹಾಗಾಗಿ ಮಾಯಾಮಾಳವಗೌಳ ರಾಗ ಹೋಗಿ ಶಂಕರಾಭರಣವಾಯಿತು. ಅಭ್ಯಾಸಬಲದಿಂದ ಮೊದಲನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ವೇಗವನ್ನು ಇಮ್ಮಡಿಸುತ್ತ ಊದಿದೆ. ಎರಡನೇ ಕಾಲಕ್ಕೆ ಫಿಡಲು ಸೇರಿಕೊಂಡಿತು. ಮೂರನೆಯದಕ್ಕೆ ಎಲ್ಲರೂ ಸೇರಿದರು. ಅಜ್ಜಿ ಜಂಟಿ ಸ್ವರಗಳ ನಡುವೆ ಚಿಟಿಕೆ ಹೊಡೆದಂಥ ಒಂದು ಪುಟ್ಟ ಸ್ವರ ಸೇರಿಸಿದರು. ನಮ್ಮ ಮೇಷ್ಟ್ರು ಕೋಲು ಹಿಡಿದು ಕಲಿಸಿದ ಪಾಠ ಎದ್ದು ಕುಣಿಯತೊಡಗಿತು. ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಅಳುವೋ ನಗುವೋ ತಿಳಿಯಲಿಲ್ಲ. ಕೇಳಿದಾಗ, ನಗು ಎಂದು ಒಪ್ಪಿಕೊಂಡಳು.

"ಚೆನ್ನಾಗಿದೆ. ಯಾರಿಂದ ಬಂತು ನಿಮಗೆ?" ಎಂದರು ಅಜ್ಜಿ. ಅಲ್ಲಿ ಮಟ್ಟಿಗಿಂತ ಮುಖ್ಯ ಅದು ಯಾರ ಕೈಯಿಂದ ಬಂತು ಎಂಬುದಂತೆ. ಮೇಷ್ಟ್ರ ಹೆಸರು ಹೇಳಹೊರಟವನು ತಡೆದೆ. ಮೇಷ್ಟ್ರು ನನ್ನ ಪಾಠದ ಹೊತ್ತಿಗೆ ಹೆಚ್ಚಾಗಿ ಮಲಗಿರುತ್ತಿದ್ದರು. ನಾನು ತಪ್ಪಿದಾಗಲೆಲ್ಲ ಒಳಗಿನಿಂದ ಸರಿಯಾದ ಸ್ವರ ಹಾಡಿ ತಿದ್ದುತ್ತಿದ್ದವರು ಅವರ ಹೆಂಡತಿ. ಅಡುಗೆಮನೆಯ ಕಿಟಕಿಯ ಬಳಿ ನಿಂತು ಅಕ್ಕಿ ತೊಳೆಯುತ್ತ, ತಲೆ ಎತ್ತದೆ. ಅವರು ಎಲ್ಲೂ ಹಾಡಿದ್ದನ್ನು ನಾನು ಕೇಳಿರಲಿಲ್ಲ, ಮುಖ ಕೂಡ ಸರಿಯಾಗಿ ನೆನಪಿರಲಿಲ್ಲ. ನೀರಿನ ಸದ್ದು ಮತ್ತು ಆ ದನಿ ಮಾತ್ರ ಇತ್ತು. ಇದನ್ನೆಲ್ಲ ನನ್ನ ಕಚೇರಿಯ ಇಂಗ್ಲಿಷಿನಲ್ಲಿ ಹೇಳಿದೆ. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಸಲ ಹೇಳಿದ್ದೆ. ಅಜ್ಜಿ, "ಹಾಗಾದ್ರೆ ಇದರ ಹೆಸರು ಅಕ್ಕಿ ತೊಳೆಯುವ ಹೆಂಗಸು" ಎಂದರು. ಅಂಚೆಯಾಕೆ ಲಕೋಟೆಯ ಮೇಲೆ ಬರೆದುಕೊಂಡಳು. ಮೆಕ್ಯಾನಿಕ್ಕು ಫೋನು ಹಿಡಿದು ಇನ್ನೊಮ್ಮೆ ನುಡಿಸಿ ಎಂದ. ಆಮೇಲೆ ಮತ್ತೆ ಹಸುವಿನ ಕಾಲಿನ ಮಾತು ಬಂತು.

ಬೆಂಗಳೂರಿಗೆ ಬಂದ ಮೊದಲ ಶನಿವಾರ ಎಲ್ಲರೂ ನನ್ನ ಸುತ್ತ ಕೂತರು. ಕಂಡದ್ದನ್ನು ಹೇಳಿದೆ: ಚಹಾ, ಲಕೋಟೆ, ನಿಧಾನದ ನಡೆ, ದನದ ಔಷಧಿ. ಯಜಮಾನರ ಮುಖ ಬಿಗಿಯುತ್ತ ಹೋಯಿತು. ಕೊನೆಗೆ ಅವರು ಮರುಕದಿಂದ, "ಇಲ್ಲ ಸಾರ್, ನೀವು ತಪ್ಪು ಸೆಷನ್‌ಗೆ ಹೋಗಿದೀರಿ. ಅಲ್ಲಿ ಹಾಗಿರಲ್ಲ" ಎಂದರು. ಜಂಟಿ ವರಸೆಯ ವಿಷಯ ಬಾಯಿಬಿಡಲಿಲ್ಲ. ದೇಶದ ಪರವಾಗಿ ಹೋಗಿ ಒಂದನೇ ಕ್ಲಾಸಿನ ಪಾಠ ಒಪ್ಪಿಸಿ ಬಂದೆ ಎಂದು ಯಾವ ಬಾಯಲ್ಲಿ ಹೇಳಲಿ?

ನಾಲ್ಕು ತಿಂಗಳಾದ ಮೇಲೆ ಒಂದು ಶನಿವಾರ ಯಜಮಾನರು ಬಹಳ ಉತ್ಸಾಹದಲ್ಲಿ ಬಂದರು. ಇಂಟರ್‌ನೆಟ್ಟಿನಲ್ಲಿ ಅಪರೂಪದ ಮಟ್ಟೊಂದು ಸಿಕ್ಕಿತ್ತು. ಪಶ್ಚಿಮ ತೀರದ ಯಾವುದೋ ಹಳ್ಳಿಯದು, ಪ್ರಾಯಶಃ ಬಹಳ ಹಳೆಯದು, ಇನ್ನೂ ಯಾವ ಪುಸ್ತಕದಲ್ಲೂ ಬಂದಿಲ್ಲ. "ಹೆಸರು, ದಿ ವುಮನ್ ವಾಷಿಂಗ್ ದ ರೈಸ್. ಆದ್ರೆ ಅಲ್ಲಿ ಅಕ್ಕಿ ಎಲ್ಲಿಂದ ಬರ್ಬೇಕು? ರೈಸ್ ಅನ್ನೋದು ಅವರ ಹಳೇ ಭಾಷೇಲಿ ಯಾವ್ದೋ ಬಟ್ಟೆ ಹೆಸರು ಇರ್ಬೇಕು" ಎಂದರು. ಆಮೇಲೆ ನುಡಿಸಿದರು. ಸಸ ರಿರಿ ಗಗ ಮಮ. ಅಜ್ಜಿಯ ಚಿಟಿಕೆಯೂ ಸೇರಿ.

ನಮಗೆಲ್ಲ ಅದನ್ನು ಸಾಲು ಸಾಲಾಗಿ ಕಲಿಸಿದರು. ನನ್ನ ಸರದಿ ಬಂದಾಗ ಊದಿದೆ. ಅವರು ಕೈಯೆತ್ತಿ ನಿಲ್ಲಿಸಿ, "ಬೇಜಾರು ಮಾಡ್ಕೋಬೇಡಿ, ನಿಮ್ದರಲ್ಲಿ ಸ್ವಲ್ಪ ಕರ್ನಾಟಕ ಸಂಗೀತದ ವಾಸನೆ ಬರ್ತಿದೆ. ಅಲ್ಲಿ ಹೀಗೆ ಊದಲ್ಲ" ಎಂದರು.

ವಿರಾಮದಲ್ಲಿ ತಮಟೆಯವನನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಅವನು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟ. "ಬೋಲ್ ದೇವ್ ಭಾಯ್. ಹೇಳ್ಬಿಡಿ ಅವ್ರಿಗೆ" ಎಂದ.

"ಬೇಡಪ್ಪ. ನೀನು ಮೇಕೆ ವಿಷ್ಯ ಹೇಳಿದ್ಯಾ?"

"ಅದೂ ಸರಿನೇ" ಎಂದು ಕಣ್ಣೊರೆಸಿಕೊಂಡ.

ಮೂರು ವಾರ ಹಾಗೇ ನಡೆಯಿತು. ನಾಲ್ಕನೇ ವಾರ ಪಕ್ಕದ ಮೇಜಿಗೆ ಕಾಲೇಜು ಹುಡುಗಿಯರ ಗುಂಪೊಂದು ಬಂದಿತ್ತು. ನಾವು ಆ ಮಟ್ಟಿನ ಎರಡನೇ ಸುತ್ತಿನಲ್ಲಿದ್ದಾಗ ಅವರಲ್ಲೊಬ್ಬಳು ಗೆಳತಿಗೆ, "ಏಯ್, ಇದು ಜಂಟಿ ವರಸೆ ಕಣೇ. ನಮ್ಮಮ್ಮ ಬೆಳಗ್ಗೆ ಬೆಳಗ್ಗೆ ಎಬ್ಬಿಸಿ ಹಾಡಿಸ್ತಿದ್ರಲ್ಲ, ಅದೇ" ಎಂದಳು. ಎಲ್ಲರಿಗೂ ಕೇಳಿಸಿತು. ಯಜಮಾನರ ಬಿಲ್ಲು ನಿಂತಿತು. ಅವರು ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು. ಉಳಿದದ್ದನ್ನು ನಾನು ಹೇಳಿದೆ.

ಆಮೇಲೆ ಯಜಮಾನರು ಬಿಯರಿನ ಲೋಟವನ್ನು ಪಕ್ಕಕ್ಕೆ ಸರಿಸಿ, ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು. "ನೋಡಿ, ಇದು ಇನ್ನೂ ಇಂಟರೆಸ್ಟಿಂಗ್. ನಮ್ಮ ಹಲಸೂರು ಬ್ಯಾರಕ್‌ಗಳಲ್ಲಿ ಐರಿಷ್ ಸಿಪಾಯಿಗಳು ಇದ್ರು. ಅವರ ಬಾಯಿಂದಾನೇ ಇದು ನಮ್ಮೋರಿಗೆ ಬಂದಿರ್ಬೇಕು. ಅಂದ್ರೆ ಈಗ ವಾಪಸ್ ಮನೆಗೆ ಹೋಗಿದೆ, ಅಷ್ಟೆ."

"ಕಂಟೋನ್ಮೆಂಟ್ ಕಟ್ಟೋಕ್ಕಿಂತ ಮುಂಚೆನೇ ಇತ್ತಲ್ಲ ಅಂಕಲ್, ಜಂಟಿ ವರಸೆ" ಎಂದಳು ಆ ಹುಡುಗಿ, ತುಂಬ ವಿನಯದಿಂದ.

ಯಜಮಾನರು ಫಿಡಲನ್ನು ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಹೊದಿಸಿ, ಚಿಲಕ ಹಾಕಿ, ಇವತ್ತು ಬೇಗ ಹೋಗಬೇಕು ಎಂದು ಎದ್ದರು. ಬಾಗಿಲು ದಾಟುವ ಅವರ ಬೆನ್ನನ್ನೇ ನೋಡುತ್ತ ಕೂತೆ. ಮೂರು ವಾರ ಒಳಗೊಳಗೇ ನಕ್ಕಿದ್ದೆ. ನನ್ನ ಮುಳ್ಳನ್ನು ತೆಗೆದು ಅವರಿಗೆ ಚುಚ್ಚಿದ ಹಾಗಾಗಿತ್ತು. ಅವರು ಇಲ್ಲದಿದ್ದರೆ ಆ ಮೇಜೂ ಇರುತ್ತಿರಲಿಲ್ಲ, ನನ್ನ ನಲವತ್ತು ಮಟ್ಟೂ ಇರುತ್ತಿರಲಿಲ್ಲ. ಮುಂದಿನ ಎರಡು ಶನಿವಾರ ಅವರು ಬರಲಿಲ್ಲ. ನಾವು ನುಡಿಸಿದೆವು, ಪ್ರತಿ ಮಟ್ಟು ಮುಗಿದ ಮೇಲೆ ಮೆಟ್ರೋ, ಟ್ರಾಫಿಕ್ಕು, ಮನೆ ಬಾಡಿಗೆಯ ಬಗ್ಗೆ ಮಾತಾಡಿದೆವು. ಯಾರೂ "ಅಲ್ಲಿ" ಎನ್ನಲಿಲ್ಲ. ಅಷ್ಟೇನೂ ಚೆನ್ನಾಗಿರಲಿಲ್ಲ.

ಮೂರನೇ ವಾರ, ಮಂಗಳವಾರ ಸಂಜೆ ಅವರ ಫೋನು ಬಂತು. ಎಷ್ಟೋ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ ಕೇಳಿದರು, "ಆ ಜಂಟಿ ವರಸೆ... ಅದು ಒಂದೇನಾ, ಇನ್ನೂ ಇದಾವಾ?"

"ಇನ್ನೂ ಇದಾವೆ ಸಾರ್. ಅದಕ್ಕೂ ಮುಂಚೆ ಸರಳೆ ವರಸೆ ಕಲೀಬೇಕು."

"ನಮ್ಮನೇಲಿ ಇದೆಲ್ಲ ಇರ್ಲಿಲ್ಲ. ಅಪ್ಪ ಮಿಲಿಟರಿ, ಎರಡು ವರ್ಷಕ್ಕೊಂದು ಊರು. ಯಾವ ಊರಿನ ಹಾಡೂ ನನಗೆ ಪೂರ್ತಿ ಬರಲ್ಲ." ಮತ್ತೆ ಅವರೇ, "ಮೊದಲಿಂದ ಹೇಳಿಕೊಡ್ತೀರಾ?" ಎಂದರು.

ನನ್ನಂಥವನ ಹತ್ತಿರ ಕಲಿಯುವುದೇ, ಒಳ್ಳೆಯ ಮೇಷ್ಟ್ರನ್ನು ಹುಡುಕಿಕೊಡುತ್ತೇನೆ ಎಂದೆ. ಬೇಡ, ಗೊತ್ತಿಲ್ಲದವರ ಮುಂದೆ ನಾಚಿಕೆಯಾಗುತ್ತದೆ ಎಂದರು. ಮರುದಿನವೇ ಜೋಗುಪಾಳ್ಯದ ನಮ್ಮ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ, ಎರಡು ಬೀದಿ ಆಚೆ ನಿಲ್ಲಿಸಿ, ಪೆಟ್ಟಿಗೆ ಎದೆಗವಚಿಕೊಂಡು ನಡೆದುಬಂದರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಲು ಮಂಡಿ ಬಗ್ಗಲಿಲ್ಲ, ಕುರ್ಚಿ ಕೊಟ್ಟೆ. ಹೆಂಡತಿ ಕಾಫಿ ತಂದಿಟ್ಟು, "ನಿಧಾನಕ್ಕೆ ಸಾರ್, ಇವರಿಗೂ ಎರಡು ವರ್ಷ ಹಿಡಿದಿತ್ತು" ಎಂದು ಹೇಳಿ ಹೋದಳು.

ಅವರು ಸ ರಿ ಗ ಮ ನುಡಿಸಿದರು. ಮಧ್ಯಮ ಸ್ವಲ್ಪ ಮೇಲಾಯಿತು. ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ. ಅವರು ತಲೆಯಾಡಿಸಿ ಬೆರಳನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಮತ್ತೆ ನುಡಿಸಿದರು, ಮತ್ತೆ ನುಡಿಸಿದರು. ಕಾಫಿ ಆರಿಹೋಯಿತು.

"ಈಗ?" ಎಂದು ಕೇಳಿದರು.

"ಈಗ ಪರವಾಗಿಲ್ಲ ಸಾರ್" ಎಂದೆ. "ಇನ್ನೊಂದ್ಸಲ."